ಒಂದು ಹಾಡು ಹಾಡಮ್ಮ

ಗುಮಾಸ್ತರಾದ ನಮಗೆ ಬೆಳಗಾದರೆ ಡ್ರಾಫ್ಟು, ನೋಟು, ರೆಕಾರ್ಡುಗಳದೇ ಸಹವಾಸ. ಇಂಗ್ಲಿಷಿನಲ್ಲಿ ಇವು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕೆಲವಕ್ಕೆ ಉಚ್ಚಾರದಲ್ಲಿ ಮಾತ್ರ ವ್ಯತ್ಯಾಸ: 'ರೆಕಾರ್ಡ್', 'ಪರ್ಮಿಟ್' ನಾಮಪದವಾದಾಗ ಒತ್ತು ಪದದ ಮೊದಲ ಭಾಗದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ.

ಇಂಥವು ಕನ್ನಡಕ್ಕೆ ಬಂದಾಗ ನಾಮಪದಗಳಾಗಿಯೇ ನಿಲ್ಲುತ್ತವೆ. ಸಂಸ್ಕೃತದ 'ಪ್ರಯತ್ನ'ಕ್ಕೆ 'ಇಸು' ಸೇರಿಸಿ 'ಪ್ರಯತ್ನಿಸು' ಎಂದವರು ನಾವು. 'ಫೋನಿ'ಗೆ ಮಾತ್ರ 'ಮಾಡು' ಎಂಬ ಊರುಗೋಲು ಕೊಟ್ಟೆವು. ಇದು ತಪ್ಪಲ್ಲ. ಹೊಸ ವಸ್ತುವಿನೊಡನೆ ಹೊಸ ಮಾತು ಬರಲೇಬೇಕು.

ನಮ್ಮ ಆಕ್ಷೇಪ ಬೇರೆ. 'ಲಾಫ್ ಮಾಡಬೇಡ, ಸ್ಟಡಿ ಮಾಡು' ಎಂದು ಮಕ್ಕಳನ್ನು ಗದರುತ್ತೇವಲ್ಲ, ಅದೇಕೆ? ನಗು, ಅಳು, ಓದು, ಹಾಡು, ನಡೆ, ನುಡಿ ಇವೆಲ್ಲ ಎರಡು ಕೆಲಸವನ್ನೂ ಮಾಡಬಲ್ಲ ಅಚ್ಚಗನ್ನಡ ಪದಗಳು. ಇಂಗ್ಲಿಷಿನ ಜಾಣತನವೆಂದು ನಾವು ಮೆಚ್ಚುವುದು ನಮ್ಮ ಹಿತ್ತಲಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ, ಅಷ್ಟೆ.

ಮೊನ್ನೆ ಊರಿನಿಂದ ಬಂದ ನಮ್ಮ ತಾಯಿ ಮೊಮ್ಮಗಳಿಗೆ, "ಒಂದು ಹಾಡು ಹಾಡಮ್ಮ" ಎಂದರು. "ಹಾಡು ಅಂತ ಎರಡು ಸಲ ಯಾಕೆ ಹೇಳ್ತೀಯಜ್ಜಿ?" ಎಂದಿತು ಮಗು. ಎಲ್ಲರೂ ನಕ್ಕೆವು. ಆಮೇಲೆ ನಗು ಬರಲಿಲ್ಲ. ಆ ಮಗುವಿಗೆ 'ಸಿಂಗ್ ಮಾಡು' ಎಂದು ಕಲಿಸಿದವರು ಯಾರು? ನಾವೇ.

ಹೊರನಾಡಿನಲ್ಲಿರುವ ನಮ್ಮಂಥ ಅನೇಕರ ಮಕ್ಕಳಿಗೆ ಮನೆಯೊಂದೇ ಕನ್ನಡಶಾಲೆ. ಅಲ್ಲಿ ಎಲ್ಲ ಕ್ರಿಯೆಗೂ 'ಮಾಡು' ಒಂದೇ ಸಾಕೆಂದರೆ ಕಡೆಗೆ ಉಳಿಯುವುದೂ ಅದೊಂದೇ. ಫೋನು ಧಾರಾಳವಾಗಿ ಮಾಡೋಣ. ಆದರೆ ನಗು ಬಂದಾಗ ನಗೋಣ, ಹಾಡು ಬಂದರೆ ಹಾಡೋಣ.