ಮೊಟ್ಟೆಯ ಬಣ್ಣದಲ್ಲಿ ಹುಂಜದ ಪಾಲು

ಹಿತ್ತಲಿನಲ್ಲಿ ಮಿಶ್ರತಳಿಯ ಕೋಳಿಗಳನ್ನು ಸಾಕಿ ಬಗೆಬಗೆಯ ಬಣ್ಣದ ಮೊಟ್ಟೆಗಳನ್ನು ಪಡೆಯಬಯಸುವವರು ಹೇಂಟೆಯ ಆಯ್ಕೆಯಲ್ಲಿ ತೋರುವ ಶ್ರದ್ಧೆಯನ್ನು ಹುಂಜದ ವಿಷಯದಲ್ಲಿ ತೋರುವುದು ವಿರಳ. ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಇಡದ ಆ ಪಕ್ಷಿಗೆ ತನ್ನ ಹೆಣ್ಣುಸಂತತಿಯ ಮೊಟ್ಟೆಯ ವರ್ಣದಲ್ಲಿ ಬಹುದೊಡ್ಡ ಪಾಲಿದೆಯೆಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಇದಕ್ಕೆ ಚಿಲಿ ದೇಶದ ಅರೌಕಾನಾ ಕೋಳಿಗಿಂತ ಉತ್ತಮ ನಿದರ್ಶನವನ್ನು ನಾನರಿಯೆ. ಮಾಪುಚೆ ಜನರ ಅಂಗಳಗಳಲ್ಲಿ ಬೆಳೆದುಬಂದ, ನೀಲಿ ಮೊಟ್ಟೆಯಿಡುವ ಈ ಕೋಳಿಗಳನ್ನು 1914ರಲ್ಲಿ ಕಂಡ ಸ್ಪೇನಿನ ಕುಕ್ಕುಟಪಂಡಿತ ಸಾಲ್ವಡೋರ್ ಕಾಸ್ಟೆಲ್ಯೊ ಅವರು 1921ರಲ್ಲಿ ಹೇಗ್ ನಗರದಲ್ಲಿ ನೆರೆದ ಪ್ರಥಮ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಅವುಗಳನ್ನು ವಿದ್ವಜ್ಜನರ ಗಮನಕ್ಕೆ ತಂದರು. ಆ ನೀಲಿಗೆ ಕಾರಣವಾದುದು ಒಂದೇ ಒಂದು ಪ್ರಬಲ ವಂಶವಾಹಿಯೆಂಬುದನ್ನು ಕೇಂಬ್ರಿಡ್ಜಿನ ಪನೆಟ್ ಅವರು 1933ರಲ್ಲಿ ಪ್ರಕಟಿಸಿದರು. ಪ್ರಬಲವಾದುದರಿಂದ ಅದು ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು. ಎಂದೋ ಒಂದು ವೈರಸ್ಸಿನ ಅಂಶವು ಕೋಳಿಯ ವರ್ಣತಂತುವಿನಲ್ಲಿ ಸೇರಿಹೋದುದರ ಫಲವಿದೆಂದು 2013ರಲ್ಲಿ ತಿಳಿದುಬಂದಿತು.

ಅರೌಕಾನಾ ಹುಂಜವನ್ನು ಕಂದುಮೊಟ್ಟೆಯ ಹೇಂಟೆಯೊಡನೆ ಕೂಡಿಸಿದರೆ ಹುಟ್ಟುವ ಹೆಣ್ಣುಮರಿಗಳು ಬೆಳೆದು ಹಸುರು ಮೊಟ್ಟೆಯನ್ನಿಡುತ್ತವೆ. ಹಸುರಿಗೆಂದು ಅಲ್ಲಿ ಪ್ರತ್ಯೇಕವಾದ ವರ್ಣದ್ರವ್ಯವಿಲ್ಲ. ಅಂತಹ ಮೊಟ್ಟೆಯೊಂದನ್ನು ಒಡೆದು, ಒಳಗಿನ ತೆಳುಪೊರೆಯನ್ನು ಉಗುರಿನಿಂದ ಸುಲಿದು ನೋಡಿರಿ: ಹೊರಗೆ ಎಲೆಹಸುರಾಗಿರುವ ಓಡು ಒಳಮೈಯಲ್ಲಿ ತಿಳಿನೀಲಿಯಾಗಿರುತ್ತದೆ. ಸುಮಾರು ಇಪ್ಪತ್ತು ಗಂಟೆಗಳ ಕಾಲ ಸುಣ್ಣದ ಓಡು ಕಟ್ಟುತ್ತಿರುವಾಗಲೇ ಬಿಲಿವರ್ಡಿನ್ ಎಂಬ ನೀಲಿಯು ಅದರ ಉದ್ದಗಲಕ್ಕೂ ವ್ಯಾಪಿಸುತ್ತದೆ. ಪ್ರೋಟೋಪಾರ್ಫಿರಿನ್ ಎಂಬ ಕಂದಾದರೋ ಬಹುಮಟ್ಟಿಗೆ ಕಡೆಯ ಕೆಲವು ಗಂಟೆಗಳಲ್ಲಿ ಹೊರಮೈಗೆ ಲೇಪಗೊಳ್ಳುತ್ತದೆ. ತಾಯಿಯ ಕಡೆಯ ಈ ಕಂದು ಅನೇಕ ವಂಶವಾಹಿಗಳ ಸಮಷ್ಟಿಫಲವಾದುದರಿಂದಲೇ ಮುಂದಿನ ತಲೆಮಾರುಗಳಲ್ಲಿ ಅಕ್ಕತಂಗಿಯರ ಮೊಟ್ಟೆಗಳು ಕೂಡ ಒಂದೇ ಹಸುರಾಗಿರುವುದಿಲ್ಲ.

ಆದರೆ ಮೊಟ್ಟೆಯಿಡಲು ಐದಾರು ತಿಂಗಳು ಬೇಕಾದ ಮರಿಯನ್ನು ಮೊದಲೇ ಆರಿಸುವುದೆಂತು? ಈ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಮೂರು ಸಾಲುಗಳಾಗಿ ತಲೆಗೆ ಅಂಟಿಕೊಂಡಿರುವ ಗಿಡ್ಡ ಬಟಾಣಿ ಜುಟ್ಟಿನ ವಂಶವಾಹಿಯು ನೀಲಿಯ ವಂಶವಾಹಿಗೆ ಅದೇ ವರ್ಣತಂತುವಿನ ಮೇಲೆ ಅತಿ ಸಮೀಪದಲ್ಲಿದೆ. ಎರಡೂ ಬೇರ್ಪಡುವುದು ನೂರರಲ್ಲಿ ಸುಮಾರು ಮೂರು ನಾಲ್ಕು ಸಲ ಮಾತ್ರ. ಆದಕಾರಣ, ನೀಲಿಯನ್ನೂ ಬಟಾಣಿ ಜುಟ್ಟನ್ನೂ ಒಬ್ಬರಿಂದಲೇ ಪಡೆದ ಮಿಶ್ರಹುಂಜವನ್ನು ಒಂಟಿ ಜುಟ್ಟಿನ ಸಾಮಾನ್ಯ ಹೇಂಟೆಯೊಡನೆ ಕೂಡಿಸಿದಾಗ ಮರಿಗಳಲ್ಲಿ ಅರ್ಧದಷ್ಟಕ್ಕೆ ಮಾತ್ರ ನೀಲಿ ಬರುವುದಾದರೂ, ಬಟಾಣಿ ಜುಟ್ಟಿನವುಗಳನ್ನು ಉಳಿಸಿಕೊಂಡವನು ಬಹುಮಟ್ಟಿಗೆ ನೀಲಿಯನ್ನೇ ಉಳಿಸಿಕೊಂಡಂತೆ.

ಈ ಸೂತ್ರವನ್ನು ನಮ್ಮ ಹಿತ್ತಲಿಗೆ ಹಾಗೆಯೇ ತರಬಾರದು. ನಮ್ಮ ಅಸೀಲ್ ಕೋಳಿಗೂ ಬಟಾಣಿ ಜುಟ್ಟೇ ಇದೆ, ಆದರೆ ಅದರ ಮೊಟ್ಟೆ ನೀಲಿಯಲ್ಲ. ಜುಟ್ಟು ಸಾಕ್ಷಿಯಾಗುವುದು ಎರಡು ಗುಣಗಳೂ ಕೂಡಿಯೇ ಬಂದ ವಂಶದಲ್ಲಿ ಮಾತ್ರ. ಅಸೀಲ್ ರಕ್ತ ಬೆರೆತಿರುವಲ್ಲಿ ಹುಂಜವನ್ನು ಬಿಳಿಮೊಟ್ಟೆಯ ಹೇಂಟೆಗಳೊಡನೆ ಬಿಟ್ಟು, ಅವುಗಳ ಹೆಣ್ಣುಮರಿಗಳು ಮೊಟ್ಟೆಯಿಡುವ ತನಕ ಕಾದುನೋಡದೆ ಗತ್ಯಂತರವಿಲ್ಲ.