ಮಾಲು ಕಲಸುವ ಹಲಗೆ

ಗಿಲಾವು ಕೆಟ್ಟರೆ ಮರಳನ್ನು ಬೈಯುತ್ತೇವೆ, ಸಿಮೆಂಟನ್ನು ಬೈಯುತ್ತೇವೆ, ಕೊನೆಗೆ ಮೇಸ್ತ್ರಿಯನ್ನು. ಮಾಲು ಎಲ್ಲಿ ಕಲಸಿದಿರಿ ಎಂದು ಕೇಳುವವರು ಕಡಿಮೆ. ಬಹಳಷ್ಟು ಕಡೆ ಬರೀ ನೆಲದ ಮೇಲೆಯೇ. ಮಣ್ಣಿನ ನೆಲವಾದರೆ ಸನಿಕೆ ಎಳೆದಾಗಲೆಲ್ಲ ಜೇಡಿ ಸೇರುತ್ತದೆ. ಕಾಂಕ್ರೀಟಿನದಾದರೆ ಸಿಮೆಂಟಿನ ಹಾಲು ಹರಿದುಹೋಗುತ್ತದೆ, ಉಳಿದದ್ದು ಅಲ್ಲೇ ಕಲ್ಲಾಗುತ್ತದೆ. ಟೈಲ್ಸ್ ಹಾಕುವ ದಿನ ಉಳಿ ಸುತ್ತಿಗೆ ಹಿಡಿದು ಕೂರಬೇಕು.

ಹಲಗೆಯ ವಿಷಯದಲ್ಲಿ ನಾನು ನೋಡುವುದು ಎರಡೇ: ಅದು ಮಾಲಿನ ನೀರು ಕುಡಿಯಬಾರದು, ತನ್ನದೇನನ್ನೂ ಮಾಲಿಗೆ ಬಿಡಬಾರದು. ಕಾಡುಮರದ ಹಲಗೆ ಎರಡರಲ್ಲೂ ಸೋಲುತ್ತದೆ. ನೆನೆಸದೆ ಬಳಸಿದರೆ 1:4ರ ಮಾಲು ಕರಣೆಗೆ ಬರುವಷ್ಟರಲ್ಲಿ ಬಿರುಸಾಗಿರುತ್ತದೆ. ಕೆಲವು ಮರಗಳ ಸಕ್ಕರೆಯೂ ಒಗರೂ ಸಿಮೆಂಟು ಸೆಟ್ ಆಗುವುದನ್ನೇ ತಡಮಾಡುತ್ತವೆ.

ಅಗ್ಗಕ್ಕೆ ಸಿಗುವುದು ಎಂಆರ್ ಪ್ಲೈವುಡ್. ಅದರ ಅಂಟು ಯೂರಿಯಾ ಫಾರ್ಮಾಲ್ಡಿಹೈಡಿನದು. ತೇವ ತಾಳುತ್ತದೆ, ದಿನವಿಡೀ ನಿಂತ ನೀರನ್ನು ತಾಳದು. ಅಂಚು ಹಪ್ಪಳದಂತೆ ಉಬ್ಬಿ ಪದರ ಬಿಡುತ್ತದೆ. ಆ ಚಕ್ಕೆ ಮಾಲಿಗೆ ಸೇರಿತೋ, ಗೋಡೆಯ ಮೇಲೆ ಕರಣೆ ಎಳೆದಲ್ಲೆಲ್ಲ ಉದ್ದ ಗೀರು.

ನನ್ನ ಆಯ್ಕೆ ಸೆಂಟ್ರಿಂಗ್‌ಗೆ ಬಳಸುವ, ಕಂದು ಫಿಲ್ಮ್ ಹೊದಿಸಿದ 12 ಮಿ.ಮೀ. ಪ್ಲೈ. ಅಂಟೂ ಫಿಲ್ಮೂ ಫಿನಾಲಿಕ್ಕಿನವು. 8×4 ಅಡಿಯ ಹಾಳೆಯನ್ನು ಅರ್ಧ ಮಾಡಿಸಿದರೆ ಎರಡು ಹಲಗೆ. ಆದರೆ ಗರಗಸ ಕೊಯ್ದ ಅಂಚಿಗೆ ಫಿಲ್ಮಿನ ರಕ್ಷಣೆಯಿಲ್ಲ, ನೀರು ನುಗ್ಗುವುದು ಅಲ್ಲಿಂದಲೇ. ಅಲ್ಲಿಗೆ ಎರಡು ಕೋಟು ಆಯಿಲ್ ಪೇಂಟ್ ಹೊಡೆಯಿರಿ, ಅಡಿಗೆ ಎರಡು ರೀಪು ಬಡಿಯಿರಿ. ಸನಿಕೆಯ ಚೂಪು ಮೂಲೆಗಳನ್ನೂ ಅರದಿಂದ ಉಜ್ಜಿಸಿ. ಫಿಲ್ಮಿಗೆ ಗಾಯವಾಗುವುದು ಅವುಗಳಿಂದ.

ಕಬ್ಬಿಣದ ತಗಡು ಸಿಮೆಂಟಿಗೆ ಒಳ್ಳೆಯದೇ. ಹಸಿ ಸಿಮೆಂಟಿನ ಕ್ಷಾರದಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ತೊಳೆದು ಒದ್ದೆಯಾಗಿಯೇ ಬಿಟ್ಟರೆ ಹಿಡಿಯುತ್ತದೆ. ಜಿಪ್ಸಮ್ಮಿನಲ್ಲಿ ಅಂಥ ಕ್ಷಾರವಿಲ್ಲ, ತಗಡಿನ ತುಕ್ಕು ಬಿಳಿ ಗೋಡೆಯಲ್ಲಿ ಕಂದು ಕಲೆಯಾಗಿ ಏಳುತ್ತದೆ. ಅಲ್ಯೂಮಿನಿಯಂ ಹಾಳೆಯನ್ನಂತೂ ಸಿಮೆಂಟಿಗೂ ಸುಣ್ಣಕ್ಕೂ ತರಬೇಡಿ. ಕ್ಷಾರ ಅದನ್ನು ತಿನ್ನುತ್ತದೆ, ಹೈಡ್ರೋಜನ್ ಗುಳ್ಳೆ ಏಳುತ್ತದೆ.

ಜಿಪ್ಸಮ್ಮಿಗೆ ಬಗ್ಗುವ ಪ್ಲಾಸ್ಟಿಕ್ ಟಬ್ಬೇ ಮೇಲು. ಹಳೆಯ ಮಾಲಿನ ಒಂದು ಚಕ್ಕೆ ಉಳಿದಿದ್ದರೂ ಅದರ ಹರಳುಗಳು ಹೊಸ ಮಾಲನ್ನು ಅವಸರದಲ್ಲಿ ಗಟ್ಟಿಯಾಗಿಸುತ್ತವೆ. ಅರ್ಧ ಗೋಡೆ ಮುಗಿಯುವ ಮುನ್ನವೇ ಕರಣೆಗೆ ಕಚ್ಚತೊಡಗುತ್ತದೆ. ಟಬ್ಬನ್ನು ಹಿಂಡಿದರೆ ಒಣಗಿದ ಚಕ್ಕೆ ತಾನೇ ಸಿಡಿದು ಬೀಳುತ್ತದೆ.

ಸೈಟಿನಲ್ಲಿ ಬಿದ್ದಿರುವ ಹಳೇ ಸೆಂಟ್ರಿಂಗ್ ಶೀಟು ಪುಕ್ಕಟೆ ಸಿಕ್ಕಿತೆಂದು ಎತ್ತಿಕೊಳ್ಳುವ ಮುನ್ನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಬೆರಳಿನಿಂದ ತಿಕ್ಕಿ ನೋಡಿ. ಕಾಂಕ್ರೀಟು ಅಂಟದಿರಲೆಂದು ಬಳಿದ ಎಣ್ಣೆ ಬೆರಳಿಗೆ ಜಿಡ್ಡಾಗಿ ಬಂದರೆ ಆ ಶೀಟು ಬೇಡ. ಆ ಎಣ್ಣೆ ಮಾಲಿಗೆ ಬೆರೆತರೆ ಗಿಲಾವು ಇಟ್ಟಿಗೆಯನ್ನು ಕಚ್ಚುವುದಿಲ್ಲ.