ಹಳ್ಳ ಬಂತು: ನಾಲ್ಕು ಸಾಲಿನ ಮೋರಿ ಲೆಕ್ಕ

ಬಯಲುಸೀಮೆಯಲ್ಲಿ ‘ಹಳ್ಳ ಬಂತು’ ಎನ್ನುತ್ತಾರೆ. ಬೆಳಿಗ್ಗೆ ದನ ದಾಟಿದ ಮರಳಿನಲ್ಲಿ ಸಂಜೆ ಎದೆಮಟ್ಟ ನೀರು. ಅಂಥ ಹಳ್ಳಕ್ಕೆ ಮೋರಿ ಕಟ್ಟುವಾಗ ಎಷ್ಟು ನೀರಿಗೆ ದಾರಿ ಬಿಡಬೇಕು? ಆ ಲೆಕ್ಕವನ್ನು ನಾಲ್ಕು ಸಾಲಿಗೆ ಇಳಿಸಿಕೊಂಡಿದ್ದೇನೆ.

‘ದಿನದ ಮಳೆಯನ್ನು ಗಂಟೆಗೆ ಇಳಿಸು.’

ಸಾದಾ ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ನೋಡಿ ಹಿಂದಿನ 24 ಗಂಟೆಯ ಮಳೆ ಬರೆಯುತ್ತಾರೆ. 120 ಮಿ.ಮೀ. ಎಂದಿದ್ದರೆ ಅದು ಇರುಳಿಡೀ ಹಿಡಿದ ಮಳೆಯೋ, ಒಂದೂವರೆ ಗಂಟೆಯಲ್ಲಿ ಹೊಯ್ದು ನಿಂತದ್ದೋ ಪುಸ್ತಕ ಹೇಳದು. 24ರಿಂದ ಭಾಗಿಸಿದರೆ ಗಂಟೆಗೆ 5 ಮಿ.ಮೀ.; ಮಲೆನಾಡಿನವರು ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುವಂಥ ಮಳೆ. ಹವಾಮಾನ ಇಲಾಖೆಯ ಸೂತ್ರ ಬೇರೆ: ಬೇಕಾದ ಗಂಟೆಯನ್ನು 24ರಿಂದ ಭಾಗಿಸಿ, ಘನಮೂಲ ತೆಗೆದು, ದಿನದ ಮಳೆಯಿಂದ ಗುಣಿಸಬೇಕು. ಆಗ ಒಂದೇ ಗಂಟೆಗೆ ಸುಮಾರು 42 ಮಿ.ಮೀ. ಬರುತ್ತದೆ, ಎಂಟು ಪಟ್ಟು ಹೆಚ್ಚು. ಇದೂ ಸರಾಸರಿಯ ಮಾತೇ. ಗುಡುಗಿನ ಅಡ್ಡಮಳೆ ಘನಮೂಲ ಕೇಳಿ ಸುರಿಯುವುದಿಲ್ಲ. ಹತ್ತಿರದಲ್ಲಿ ಸ್ವಯಂಚಾಲಿತ ಮಾಪಕದ ಹದಿನೈದು ನಿಮಿಷದ ದಾಖಲೆ ಸಿಕ್ಕರೆ ಸೂತ್ರ ಬದಿಗಿಡುತ್ತೇನೆ.

‘ನೀರು ಬಂದು ಸೇರುವ ಹೊತ್ತು ಹಿಡಿ.’

ಜಲಾನಯನದ ತೀರ ದೂರದ ಹನಿ ಮೋರಿ ಮುಟ್ಟಲು ಬೇಕಾದ ಸಮಯವಿದು. ಅಷ್ಟೇ ಹೊತ್ತಿನ ಮಳೆಯ ಬಿರುಸನ್ನು ಲೆಕ್ಕಕ್ಕೆ ಹಿಡಿಯಬೇಕು. ಬೋಳುಗುಡ್ಡ, ಕೊರಕಲು ಇದ್ದಲ್ಲಿ ಈ ಹೊತ್ತು ಕುಗ್ಗುತ್ತದೆ. ಅರ್ಧ ಗಂಟೆಯಾದರೆ ಅದೇ 120 ಮಿ.ಮೀ. ಮಳೆಯ ಬಿರುಸು ಗಂಟೆಗೆ 66ಕ್ಕೆ ಏರುತ್ತದೆ.

‘ಬಿರುಸು, ವಿಸ್ತಾರ, ಹರಿವಿನ ಗುಣಾಂಕ ಗುಣಿಸಿ 360ರಿಂದ ಭಾಗಿಸು.’

ಬಿರುಸು ಗಂಟೆಗೆ ಮಿ.ಮೀ.ಗಳಲ್ಲಿ, ವಿಸ್ತಾರ ಹೆಕ್ಟೇರಿನಲ್ಲಿ. ಉತ್ತರ ಸೆಕೆಂಡಿಗೆ ಘನಮೀಟರ್. ವಿಸ್ತಾರ 200 ಹೆಕ್ಟೇರ್, ಗುಣಾಂಕ 0.4 ಇರಲಿ. ದಿನದ ಸರಾಸರಿ ಹಿಡಿದವನ ಮೋರಿಗೆ 1 ಘನಮೀಟರ್ ಚಿಲ್ಲರೆ, ಒಂದು ಗಂಟೆ ಹಿಡಿದವನಿಗೆ 9, ಅರ್ಧ ಗಂಟೆಗೆ ಸುಮಾರು 15. ಮಳೆ ಒಂದೇ, ಹಳ್ಳ ಒಂದೇ.

ಇನ್ನು ಗುಣಾಂಕ, ಅಂದರೆ ಬಿದ್ದದ್ದರಲ್ಲಿ ಹರಿದುಹೋಗುವ ಪಾಲು. ಒಣನೆಲ ನೀರು ಕುಡಿಯುತ್ತದೆಂದು ಇದನ್ನು ಇಳಿಸುವವರು ಬಹಳ. ಎರೆಯ ಬಿರುಕು ಮೊದಲ ಮಳೆ ನುಂಗುವುದು ನಿಜ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಒಳಗಿಳಿಯುವುದು ಅತ್ಯಲ್ಪ. ಮಸಾರಿಯಲ್ಲಿ ಹನಿಯ ಹೊಡೆತಕ್ಕೆ ಮೇಲ್ಮಣ್ಣು ಹೆಪ್ಪಾಗಿ ನೀರು ಜಾರುತ್ತದೆ. 2006ರ ಆಗಸ್ಟ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ವರ್ಷದ ಸರಾಸರಿಗಿಂತ ಹೆಚ್ಚು ಮಳೆ ಕೆಲವೇ ದಿನಗಳಲ್ಲಿ ಬಿತ್ತು. ತಗ್ಗಿನಲ್ಲಿದ್ದ ಕವಾಸ್ ಹಳ್ಳಿ ಮುಳುಗಿತು. ಅದು ಮರುಭೂಮಿ. ಆದರೂ ಮರಳಿನಡಿಯ ಜಿಪ್ಸಮ್ ಪದರ ನೀರನ್ನು ಇಳಿಯಗೊಡದೆ ವಾರಗಟ್ಟಲೆ ಹಿಡಿದಿಟ್ಟಿತು.

‘50 ವರ್ಷದ ಮಳೆಗೆ ಕಟ್ಟು.’

ಈ ವರ್ಷ ಬಂದರೆ ಇನ್ನು 49 ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ನೂರಕ್ಕೆ ಎರಡರ ಸಾಧ್ಯತೆ. 50 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 64. ಒಣಸೀಮೆಯಲ್ಲಿ ದೊಡ್ಡ ಮಳೆಗಳೇ ಅಪರೂಪ. ಮೂವತ್ತು ವರ್ಷದ ದಾಖಲೆಗೆ ಒಂದು ಬಿರುಮಳೆ ಸೇರಿದರೂ ಅಂದಾಜು ಅಲ್ಲಾಡುತ್ತದೆ. ಅದಕ್ಕೇ ಲೆಕ್ಕ ಮುಗಿಸಿ ದಡದ ಜಾಲಿಗಿಡ ನೋಡುತ್ತೇನೆ. ಕೊಂಬೆಗೆ ಸಿಕ್ಕಿದ ಹುಲ್ಲು ಕಸ ನನ್ನ ಲೆಕ್ಕದ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಕಾಗದ ಹರಿದು ಮತ್ತೆ ಕೂರುವುದೇ.